ನನ್ನ ಹೆಬ್ಬೆರಳಿನ ಸಾಕ್ಷ್ಯಚಿತ್ರ

ನನ್ನ ಬಲಗಾಲಿನ ಹೆಬ್ಬೆರಳು ಪರದೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಇದು ಜಂಬದ ಮಾತಲ್ಲ. 23 ಜನ ವಿದ್ಯಾರ್ಥಿಗಳು ಒಟ್ಟಿಗೆ ಕೂತು, ಒಮ್ಮೆಯಲ್ಲ ಮೂರು ಸಲ ನೋಡಿ ಒಪ್ಪಿದ ಸತ್ಯ. ಫೋಕಸ್ಸು ಸೂಜಿಮೊನೆಯಷ್ಟು ನಿಖರವಾಗಿದೆ ಎಂದು ಒಬ್ಬ ಹೊಗಳಿದ. ಉಗುರು ಕತ್ತರಿಸಿಕೊಂಡು ಬರಬಹುದಿತ್ತು ಎಂದು ಒಬ್ಬಳು ಗೊಣಗಿದಳು. ಕಾಲೇಜಿನಲ್ಲಿ ಟಿ.ವಿ. ಕಾರ್ಯಕ್ರಮ ತಯಾರಿಸುವುದನ್ನು ಕಲಿಸುವ ಮೇಷ್ಟ್ರಿಗೆ ಇಷ್ಟು ಕೀರ್ತಿ ಸಾಲದೇ? ಸಾಲುತ್ತಿತ್ತು, ಆ ದಿನ ನಾನು ತೆಗೆಯಬೇಕಾಗಿದ್ದದ್ದು ಎಂಬತ್ತು ದಾಟಿದ ಒಬ್ಬ ಅಜ್ಜಿಯ ಮುಖವನ್ನು ಎಂಬುದೊಂದು ಇಲ್ಲದಿದ್ದರೆ. ಅದು ಹೇಗಾಯಿತು ಅಂತ ಹೇಳುತ್ತೇನೆ, ಕೂತುಕೊಳ್ಳಿ. ಅದಕ್ಕೆ ಮೊದಲು ನಾನು ಈ ಕೆಲಸಕ್ಕೆ ಸಿಕ್ಕಿಬಿದ್ದ ಕತೆ ಆಗಿಬಿಡಲಿ.

ನಾನು ಮೂಲತಃ ಅಕ್ಷರದ ಜಾತಿಯವನು. ಕರಡು ತಿದ್ದುವುದು, ತಲೆಬರಹ ಕೊಡುವುದು, ಎಲ್ಲಿ ಅಲ್ಪಪ್ರಾಣ ಎಲ್ಲಿ ಮಹಾಪ್ರಾಣ ಎಂದು ಹುಡುಗರ ಪ್ರಾಣ ತಿನ್ನುವುದು, ಇಷ್ಟೇ ನನ್ನ ಪತ್ರಿಕೋದ್ಯಮ. ಮಲೆನಾಡಿನ ತಾಲೂಕು ಕೇಂದ್ರದ ಪದವಿ ಕಾಲೇಜಿಗೆ ಅದು ಧಾರಾಳವಾಗಿ ಸಾಕಾಗುತ್ತಿತ್ತು ಕೂಡ. ಹೀಗಿರುವಾಗ ಪಠ್ಯಕ್ರಮ ಬದಲಾಗಿ ಟೆಲಿವಿಷನ್ ಪ್ರೊಡಕ್ಷನ್ ಎಂಬ ಪತ್ರಿಕೆಯೊಂದು ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು: "ನಿಮ್ಮನೇಲಿ ಟಿ.ವಿ. ಉಂಟಲ್ಲ?" ಉಂಟು ಅಂದೆ. ಸಂದರ್ಶನ ಮುಗಿಯಿತು.

ಅನುಭವವೇ ಇರಲಿಲ್ಲ ಅಂತಲೂ ಹೇಳುವಂತಿಲ್ಲ. ವಯಸ್ಸಿನಲ್ಲಿ ಒಮ್ಮೆ ಬೆಂಗಳೂರು ದೂರದರ್ಶನದ ಕವಿಗೋಷ್ಠಿಯೊಂದರ ಅಂಚಿನ ಕುರ್ಚಿಯಲ್ಲಿ ಕೂತವನು ನಾನು. ಮದುವೆ ಗಂಡಿಗೂ ಹಚ್ಚದಷ್ಟು ಪೌಡರನ್ನು ಮುಖಕ್ಕೆ ಹಚ್ಚಿಸಿಕೊಂಡು, ಆ ದೀಪಗಳ ಸೆಕೆಯಲ್ಲಿ ಹಲಸಿನ ಹಪ್ಪಳದ ಹಾಗೆ ಒಣಗಿ ಬಂದಿದ್ದೆ. ಪ್ರಸಾರದ ದಿನ ಊರಿಗೆಲ್ಲ ಹೇಳಿಟ್ಟಿದ್ದೆ. ನೋಡಿ ಮುಗಿದ ಮೇಲೆ ಅಮ್ಮ ಹೇಳಿದ್ದು ಇಷ್ಟೇ: "ನಿನ್ನ ಪಕ್ಕ ಕೂತಿದ್ನಲ್ಲ, ಆ ಹುಡುಗ ಲಕ್ಷಣವಾಗಿ ಕಂಡ." ಈ ಅರ್ಹತೆಯ ಬಲದ ಮೇಲೆ ನಾನು ಪಾಠ ಶುರುಮಾಡಿದೆ.

ನಮ್ಮ ಕಾಲೇಜಿಗೆ ಇದ್ದದ್ದು ಒಂದು ಕ್ಯಾಮೆರಾ. ಸಣ್ಣ ಟೇಪು ಹಾಕುವ ಮಿನಿ ಡಿ.ವಿ. ಕಾಲದ್ದು; ಒಂದು ಟೇಪಿಗೆ 60 ನಿಮಿಷ. ಅದರ ವಾಸ ಪ್ರಿನ್ಸಿಪಾಲರ ಬೀರುವಿನಲ್ಲಿ, ಬೀರುವಿನ ಕೀ ಅಟೆಂಡರ ಸೊಂಟದಲ್ಲಿ. ಉತ್ಸವಮೂರ್ತಿಯ ಹಾಗೆ ವರ್ಷಕ್ಕೊಮ್ಮೆ ಹೊರಗೆ ಬಂದು, ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳಿಗೆ ದರ್ಶನ ಕೊಟ್ಟು, ಮತ್ತೆ ಒಳಗೆ. ಜೊತೆಗೊಂದು ಟ್ರೈಪಾಡು. ಮೂರು ಕಾಲಲ್ಲಿ ಒಂದರ ತಿರುಪು ಸವೆದು ಜಾರುತ್ತಿದ್ದುದರಿಂದ ಅದಕ್ಕೆ ಸಣಬಿನ ಹುರಿ ಸುತ್ತಿದ್ದೆವು. ಚಿತ್ರೀಕರಣದ ನಡುವೆ ಅದು ಮೆಲ್ಲಗೆ ಕುಸಿದಾಗ ಇಡೀ ಜಗತ್ತು ಎಡಕ್ಕೆ ವಾಲುತ್ತಿತ್ತು. ಹುಡುಗರು ಇದನ್ನೇ ಹೊಸ ಶೈಲಿ ಎಂದು ಪ್ರಾಯೋಗಿಕ ಪರೀಕ್ಷೆಯಲ್ಲಿ ಬರೆದದ್ದೂ ಉಂಟು.

ಮೊದಲ ಪ್ರಾಯೋಗಿಕ ಪಾಠ ವೈಟ್ ಬ್ಯಾಲೆನ್ಸು. ಕ್ಯಾಮೆರಾಕ್ಕೆ ನಮ್ಮ ಕಣ್ಣಿನ ಜಾಣತನ ಇಲ್ಲ. ಬಿಸಿಲಿನಲ್ಲೂ ಬಲ್ಬಿನ ಬೆಳಕಿನಲ್ಲೂ ಅನ್ನ ನಮಗೆ ಬೆಳ್ಳಗೇ ಕಾಣುತ್ತದೆ; ಅದಕ್ಕೆ ಹಾಗಲ್ಲ. ಬೆಳಕು ಬದಲಾದಾಗಲೆಲ್ಲ ಒಂದು ಬಿಳಿ ವಸ್ತುವನ್ನು ಹಿಡಿದು "ನೋಡಪ್ಪಾ, ಬಿಳಿ ಅಂದರೆ ಇದು" ಎಂದು ತೋರಿಸಿಕೊಡಬೇಕು. ಆ ದಿನ ಬಿಳಿ ಹಾಳೆ ಇರಲಿಲ್ಲ. ನಾನು ಪಂಚೆ ಉಟ್ಟು ಬಂದಿದ್ದೆ. ದೊಡ್ಡ ಮನಸ್ಸು ಮಾಡಿ ಪಂಚೆಯ ಚುಂಗನ್ನೇ ಹಿಡಿದು ತೋರಿಸಿದೆ. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಮೂರು ಮಳೆಗಾಲ ನಡೆದಾಡಿದ ಪಂಚೆಯದು. ಆ ಕಾವಿ ಬಣ್ಣವನ್ನೇ ಬಿಳಿ ಎಂದು ನಂಬಿದ ಕ್ಯಾಮೆರಾ, ಕೆಂಪನ್ನೆಲ್ಲ ಕಳೆದು ನೀಲಿಯನ್ನು ಮುಂದೆ ಮಾಡಿತು. ಅವತ್ತಿನ ಅಷ್ಟೂ ಹುಡುಗರು ಪರದೆಯ ಮೇಲೆ ಕೃಷ್ಣನ ವೇಷದವರಂತೆ ನೀಲಿಯಾಗಿ ನಿಂತಿದ್ದರು. ಮನೆಯಲ್ಲಿ ಈ ವಿಷಯ ಹೇಳಿದ್ದಕ್ಕೆ ಹೆಂಡತಿ, "ಆ ಪಂಚೆ ಬಿಸಾಡಿ ಅಂತ ನಾನು ಹೇಳಿದ್ರೆ ಕೇಳ್ಲಿಲ್ಲ, ಯಂತ್ರ ಹೇಳ್ಬೇಕಾಯ್ತು" ಅಂದಳು.

ಹುಡುಗರಿಗೆ ನಾನು ಕಲಿಸಬೇಕಾದದ್ದು ಬಹಳ ಇರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ನಾನು ಎರಡು ತರಗತಿ ತೆಗೆದುಕೊಂಡು ವಿವರಿಸುವ ಸಂಕಲನದ ವಿದ್ಯೆಯನ್ನು ಅವರು ಬಸ್ಸಿನಲ್ಲಿ ನೇತಾಡುತ್ತಾ ಹೆಬ್ಬೆರಳಿನಲ್ಲೇ ಮುಗಿಸುತ್ತಾರೆ. (ಹೆಬ್ಬೆರಳು ಮತ್ತೆ ಬಂತು ನೋಡಿ. ಇದು ಕೈಯದ್ದು.) ಅವರಿಗೆ ಬಾರದ್ದು ಎರಡೇ: ಕಾಯುವುದು, ಕೇಳುವುದು. ಯಾವ ಶಾಟ್ ತೆಗೆದರೂ ಕ್ಯಾಮೆರಾ ಅಲ್ಲಾಡಿಸದೆ ಹತ್ತು ಎಣಿಸಿ ಅಂತ ನಾನು ಗಂಟಲು ಹರಿದುಕೊಳ್ಳುತ್ತಿದ್ದೆ. "ಸರ್, ಹತ್ತು ಸೆಕೆಂಡಲ್ಲಿ ನನ್ನ ಇಡೀ ರೀಲ್ಸೇ ಮುಗೀತದೆ" ಎಂದಳೊಬ್ಬಳು. ಮಾತಾಡುತ್ತಿರುವ ಇಬ್ಬರ ನಡುವೆ ಕಣ್ಣಿಗೆ ಕಾಣದ ಗೆರೆಯೊಂದಿದೆ, ಕ್ಯಾಮೆರಾ ಅದನ್ನು ದಾಟಬಾರದು ಎಂಬ 180 ಡಿಗ್ರಿಯ ನಿಯಮ ಹೇಳಿಕೊಟ್ಟೆ. ದಾಟಿದರು. ಎದುರುಬದುರು ಕೂತು ಜಗಳವಾಡಬೇಕಿದ್ದ ಅತ್ತೆ ಸೊಸೆ ಇಬ್ಬರೂ ಒಂದೇ ದಿಕ್ಕಿಗೆ ಮುಖಮಾಡಿ, ಸಾಗರದ ಬಸ್ಸಿಗೆ ಕಾಯುವವರ ಹಾಗೆ ಕಂಡರು. ಜಗಳ ಅಲ್ಲಿಗೇ ತಣ್ಣಗಾಯಿತು. ಇದನ್ನು ಮನೆಗಳಲ್ಲೂ ಪ್ರಯೋಗಿಸಿ ನೋಡಬಹುದೋ ಏನೋ.

ಕೇಳುವುದರ ಕತೆ ಇನ್ನೂ ಕಷ್ಟದ್ದು. ಚಿತ್ರ ಮನೆಯ ಯಜಮಾನ, ಧ್ವನಿ ಅವನ ಹಿಂದೆ ಬರುವ ಚಾಕರಿಯವನು ಎಂದೇ ಎಲ್ಲರ ಭಾವನೆ. ಯಾವ ಜಾಗದಲ್ಲಿ ಚಿತ್ರ ತೆಗೆದರೂ ಹೊರಡುವ ಮುಂಚೆ ಆ ಜಾಗದ ಬರೀ ಮೌನವನ್ನು ಅರ್ಧ ನಿಮಿಷ ದಾಖಲಿಸಿಕೊಳ್ಳಬೇಕು. ಎಡಿಟ್ ಮಾಡುವಾಗ ಮಾತು ಮಾತಿನ ನಡುವಿನ ಸಂದಿಗೆ ಮೆತ್ತಲು ಅದು ಬೇಕು, ಗೋಡೆಯ ಬಿರುಕಿಗೆ ಅದೇ ಮನೆಯ ಮಣ್ಣು ಬೇಕಾದ ಹಾಗೆ. ಒಂದು ದಿನ ಪೇಟೆ ಬೀದಿಯ ಕೊನೆಯಲ್ಲಿ ನಾವೆಲ್ಲ ಸಾಲಾಗಿ ನಿಂತು, ಕೈಕಟ್ಟಿ, ತಲೆ ತಗ್ಗಿಸಿ ಅರ್ಧ ನಿಮಿಷದ ಮೌನ ತೆಗೆಯುತ್ತಿದ್ದೆವು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರು ಸೈಕಲ್ಲಿನಿಂದಿಳಿದು, ಟೊಪ್ಪಿ ತೆಗೆದು, ತಾವೂ ನಮ್ಮ ಸಾಲಿನಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, "ಯಾರು ಹೋದ್ರು?" ಅಂದರು. ಆ ಟೇಪು ಈಗಲೂ ಇದೆ. ಅರ್ಧ ನಿಮಿಷದ ಮೌನದಲ್ಲಿ ಸರಿಯಾಗಿ ಇಪ್ಪತ್ತನೆಯ ಸೆಕೆಂಡಿಗೆ "ಯಾರು ಹೋದ್ರು?"

ನನ್ನ ಪಾಠಗಳಲ್ಲಿ ನಿಜಕ್ಕೂ ಗೆದ್ದದ್ದು ಒಂದೇ ಒಂದು. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ಸಿನಿಮಾ ಮೇಷ್ಟ್ರೊಬ್ಬರಿದ್ದರು. ಮೊಸ್ಜುಖಿನ್ ಎಂಬ ನಟನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ತೆಗೆದುಕೊಂಡು, ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಣ್ಣುಮಗಳ ಚಿತ್ರ ಜೋಡಿಸಿ ತೋರಿಸಿದರಂತೆ. ಮುಖ ಅದೇ. ನೋಡಿದವರು ಮಾತ್ರ ಆಹಾ ಎಂಥ ಹಸಿವು, ಎಂಥ ದುಃಖ, ಎಂಥ ಮೋಹ ಎಂದು ನಟನನ್ನು ಕೊಂಡಾಡಿದರಂತೆ. ಭಾವ ಇರುವುದು ಮುಖದಲ್ಲಲ್ಲ, ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ ಎಂಬುದು ಅವರ ವಾದ. ಭಾವವಿಲ್ಲದ ಮುಖ ಹುಡುಕಲು ನಮ್ಮ ಹುಡುಗರು ದೂರ ಹೋಗಬೇಕಾಗಲಿಲ್ಲ. ಪ್ರಿನ್ಸಿಪಾಲರು ಸಭೆಯಲ್ಲಿ ಕೂತಿದ್ದಾಗ ಹತ್ತು ಸೆಕೆಂಡು (ಅದೊಂದು ಸಲ ಎಣಿಸಿದರು!) ತೆಗೆದುಕೊಂಡು, ಅದರ ಪಕ್ಕ ಕ್ಯಾಂಟೀನಿನ ಬಿಸಿ ಗೋಳಿಬಜೆ, ಆಮೇಲೆ ಪರೀಕ್ಷೆಯ ಫಲಿತಾಂಶದ ಪಟ್ಟಿ, ಆಮೇಲೆ ಅಂಗಳದಲ್ಲಿ ಆಡುತ್ತಿದ್ದ ಕರುವನ್ನು ಜೋಡಿಸಿದರು. ಸ್ಟಾಫ್ ರೂಮಿನಲ್ಲಿ ಪ್ರದರ್ಶನ. ಪ್ರಿನ್ಸಿಪಾಲರೂ ಬಂದರು. ನನಗೆ ಎದೆ ಡವಡವ. ಮುಗಿದ ಮೇಲೆ ಅವರು ಎದ್ದುನಿಂತು, ಕನ್ನಡಕ ಒರೆಸಿಕೊಂಡು, "ಕಾಲೇಜಲ್ಲಿದ್ದಾಗ ನಾಟಕ ಮಾಡ್ತಿದ್ದೆ. ಇನ್ನೂ ಬಿಟ್ಟುಹೋಗಿಲ್ಲ ನೋಡಿ" ಅಂದರು. ಆ ದಿನದಿಂದ ಬೀರುವಿನ ಕೀ ನನಗೆ ಸುಲಭವಾಗಿ ಸಿಗತೊಡಗಿತು.

ಇರಲಿ, ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಆ ವರ್ಷ ತರಗತಿಯವರೆಲ್ಲ ಸೇರಿ ಒಂದು ಸಾಕ್ಷ್ಯಚಿತ್ರ ಮಾಡಬೇಕಿತ್ತು. ಊರಿಗೆ ಟಿ.ವಿ. ಬಂದ ಕತೆ ಮಾಡೋಣ ಅಂದೆ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ, ಅಲ್ಲಿಂದ ಅದು ಘಟ್ಟ ಹತ್ತಿ ನಮ್ಮ ಕಡೆಗೆ ಬಂತು ಎಂದು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ವಿವರಿಸುತ್ತಿದ್ದೆ. ಹಾಸ್ಟೆಲಿನಲ್ಲಿದ್ದ ರಾಯಚೂರು ಕಡೆಯ ಹುಡುಗ ಎದ್ದುನಿಂತ. "ಸರ್, ಬೆಂಗಳೂರಾಗ ಬರೂಕಿಂತ ಮೊದ್ಲ ನಮ್ಮ ಮುತ್ಯಾ ಊರಾಗ ಟಿ.ವಿ. ನೋಡ್ಯಾನ್ರಿ." ಕ್ಲಾಸು ನಕ್ಕಿತು. ನಾನೂ ನಕ್ಕೆ, ಅದೇ ನನ್ನ ತಪ್ಪು. ಮನೆಗೆ ಹೋಗಿ ಪುಸ್ತಕ ತೆಗೆದು ನೋಡಿದರೆ ಹುಡುಗನ ಮುತ್ಯಾ ಗೆದ್ದಿದ್ದರು. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಕಡ ತಂದು, 'ಸೈಟ್' ಎಂಬ ಹೆಸರಿನಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತೋರಿಸಿದ್ದರು. ನಮ್ಮ ರಾಜ್ಯದಲ್ಲಿ ಆ ಭಾಗ್ಯ ಸಿಕ್ಕಿದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಕೋಳಿಗೂಡಿಗೆ ಹಾಕುವಂಥ ಜಾಲರಿಯಿಂದ ಮಾಡಿದ ದೊಡ್ಡ ಛತ್ರಿ ಆಂಟೆನಾ ಆಕಾಶಕ್ಕೆ ಬಾಯಿ ತೆರೆದು ನಿಂತಿರುತ್ತಿತ್ತು. ರಾಜಧಾನಿಯವರು ಟಿ.ವಿ. ಎಂದರೇನು ಎಂದು ಕೇಳುತ್ತಿದ್ದಾಗ ಇವರು ಜಗಲಿಕಟ್ಟೆಯ ಮುಂದೆ ಕೂತು ಕೃಷಿಯ ಪಾಠ ನೋಡುತ್ತಿದ್ದರು. ವರ್ಷ ತುಂಬಿದ ಮೇಲೆ ಉಪಗ್ರಹ, ಜಾತ್ರೆ ಮುಗಿದ ಮೇಲಿನ ನೆಂಟರ ಹಾಗೆ ಹೊರಟುಹೋಯಿತು. ಮರುದಿನ ಕ್ಲಾಸಿನಲ್ಲಿ ಬಾಣದ ಗುರುತನ್ನು ಅಳಿಸಿ, ಹುಡುಗನ ಮುತ್ಯಾನಿಗೆ ಎಲ್ಲರ ಎದುರು ತಪ್ಪೊಪ್ಪಿಕೊಂಡೆ. "ಮುತ್ಯಾ ಇಲ್ರಿ ಸರ್, ಹೋಗಿ ಮೂರು ವರ್ಷಾತು. ನಾ ಹೇಳ್ತೀನಿ ಬಿಡ್ರಿ" ಅಂದ.

ನಮ್ಮ ಕಡೆಗೆ ಟಿ.ವಿ. ಬಂದದ್ದು ಅದಕ್ಕಿಂತ ಬಹಳ ತಡವಾಗಿ, 84ರ ಆಸುಪಾಸಿನಲ್ಲಿ ದೇಶದ ತುಂಬ ಸಣ್ಣ ಸಣ್ಣ ಮರುಪ್ರಸಾರ ಕೇಂದ್ರಗಳು ಎದ್ದ ಮೇಲೆ. ಬಂದರೂ ಗುಡ್ಡ ಅಡ್ಡ. ಅಡಿಕೆಮರದ ಕಂಬದ ತುದಿಗೆ ಆಂಟೆನಾ ಕಟ್ಟಿ, ಒಬ್ಬ ಮೇಲೆ, ಒಬ್ಬ ಅಂಗಳದಲ್ಲಿ, ಒಬ್ಬ ಟಿ.ವಿ.ಯ ಮುಂದೆ. "ಬಂತಾ?" "ಬಂತು ಬಂತು... ಹೋಯ್ತು!" ಪಕ್ಕದ ಹಳ್ಳಿಯೊಂದರಲ್ಲಿ ಮೊದಲು ಟಿ.ವಿ. ಬಂದದ್ದು ಆ ಅಜ್ಜಿಯ ಮನೆಗೆ. 1987ರ ಜನವರಿಯಲ್ಲಿ ರಮಾನಂದ ಸಾಗರರ ರಾಮಾಯಣ ಶುರುವಾದ ಮೇಲಂತೂ ಭಾನುವಾರ ಬೆಳಿಗ್ಗೆ ಊರಿಗೆ ಊರೇ ಅವರ ಜಗಲಿಯಲ್ಲಿ.

ಇದು ನಮ್ಮ ಚಿತ್ರದ ಜೀವಾಳ, ಆದ್ದರಿಂದ ಕ್ಯಾಮೆರಾ ನಾನೇ ಹಿಡಿಯುತ್ತೇನೆ ಎಂದು ಘೋಷಿಸಿದೆ. ಏಳು ಜನ ಹೋದೆವು. ಮೊಬೈಲುಗಳೆಲ್ಲ ಮೈಕಿನಲ್ಲಿ ಟರ್ರ್ ಎನ್ನುತ್ತವೆಂದು ಎಲ್ಲರ ಫೋನನ್ನೂ ಬಂದ್ ಮಾಡಿಸಿ ಒಂದು ಚೀಲಕ್ಕೆ ತುಂಬಿ ಜೀಪಿನಲ್ಲೇ ಇಡಿಸಿದೆ. ಶಿಸ್ತು ಅಂದರೆ ಹೀಗಿರಬೇಕು ಅಂತ ನಾನೇ ನನ್ನ ಬೆನ್ನು ತಟ್ಟಿಕೊಂಡೆ. ಅಜ್ಜಿ ಮಡಿಕೆ ಬಿಡಿಸಿದ ರೇಷ್ಮೆ ಸೀರೆ ಉಟ್ಟು, ಫೋಟೋದಲ್ಲಿ ಕೂತ ಹಾಗೆ ಕೂತರು. ಸೆರಗಿಗೆ ಕಾಲರ್ ಮೈಕು ಸಿಕ್ಕಿಸಿದೆವು. ವೈರಿಲ್ಲದ್ದು, ಸೊಂಟಕ್ಕೊಂದು ಪುಟ್ಟ ಡಬ್ಬಿ. ಸಿದ್ಧತೆಯ ಗಡಿಬಿಡಿಯಲ್ಲಿ ಗುಂಡಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ನಾನು ಒಮ್ಮೆ ಒತ್ತಿ ನೋಡಿದೆನಂತೆ. ಆಮೇಲೆ ಗಂಭೀರವಾಗಿ "ಆ್ಯಕ್ಷನ್" ಎಂದು ಇನ್ನೊಮ್ಮೆ ಒತ್ತಿದೆ.

ಆ ಗುಂಡಿಯ ಸ್ವಭಾವ ನಿಮಗೆ ಗೊತ್ತಲ್ಲ? ಒಂದೇ ಗುಂಡಿ, ಒತ್ತಿದರೆ ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಓಡುವಾಗ ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಇರುತ್ತದೆ, ಅದನ್ನು ನೋಡದೆ ಮುಂದೆ ಹೋಗುವವನು ಗೇಟು ನೋಡದೆ ರೈಲುಹಳಿ ದಾಟುವವನಿಗೆ ಸಮ ಎಂದು ವರ್ಷವರ್ಷವೂ ಪಾಠ ಮಾಡಿದವನು ನಾನೇ. ಆವತ್ತು ನನ್ನ ಓದುವ ಕನ್ನಡಕ ಜೀಪಿನಲ್ಲಿತ್ತು. ಫೋನುಗಳ ಚೀಲದಲ್ಲಿ. ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದ ಹುಡುಗಿಗೂ ಅನುಮಾನ ಬರಲಿಲ್ಲ. ಟೇಪು ನಿಂತಿದ್ದರೂ ಮೈಕಿನ ಧ್ವನಿ ಕಿವಿಗೆ ಕೇಳುತ್ತಲೇ ಇರುತ್ತದೆ.

ಹುಡುಗರು ಟಿ.ವಿ.ಯವರು ಕೇಳುವ ಹಾಗೆಯೇ ಕೇಳಿದರು: "ಅಜ್ಜಿ, ಆ ಕ್ಷಣದಲ್ಲಿ ನಿಮಗೆ ಹೇಗನ್ನಿಸಿತು?" ಅಜ್ಜಿ ಟಿ.ವಿ.ಯಲ್ಲಿ ಹೇಳುವ ಹಾಗೆಯೇ ಹೇಳಿದರು: "ತುಂಬಾ ಸಂತೋಷವಾಯಿತು." ಮುಕ್ಕಾಲು ಗಂಟೆ ಸಂತೋಷವೇ ಆಯಿತು. ಕೊನೆಗೆ ನಾನು "ಕಟ್" ಎಂದು ಗುಂಡಿ ಒತ್ತಿ, ಕ್ಯಾಮೆರಾದ ಮೂತಿಯನ್ನು ಕೆಳಕ್ಕೆ ಬಗ್ಗಿಸಿ, ಬೆಂಚಿನ ಮೇಲೆ ಕೂತು ಕಾಲು ಚಾಚಿದೆ. ಅಜ್ಜಿ "ಬಾಯಿ ಒಣಗ್ತು, ಕಾಪಿ ಮಾಡ್ತೆ" ಎಂದು ಒಳಗೆ ಹೋದರು. ಮೈಕು ಅವರ ಸೆರಗಿನಲ್ಲೇ ಇತ್ತು.

ಕಾಲೇಜಿಗೆ ಬಂದು ಟೇಪು ಹಾಕಿದರೆ ಮೊದಲು ಖಾಲಿ ಕುರ್ಚಿ. ಆಮೇಲೆ ಅಜ್ಜಿ ಕುರ್ಚಿಯತ್ತ ಬರುತ್ತಾರೆ, ಇನ್ನೇನು ಕೂರಬೇಕು, "ಆ್ಯಕ್ಷನ್!" ಅಷ್ಟೇ. ಮುಂದಿನ ಕ್ಷಣಕ್ಕೆ ಕಾವಿ ಬಳಿದ ಕೆಂಪು ನೆಲ, ಬೆಂಚಿನ ಕಾಲು, ಮತ್ತು ತೆರೆಯ ತುಂಬ, ಘನಗಂಭೀರವಾಗಿ, ನನ್ನ ಹೆಬ್ಬೆರಳು. ನಮ್ಮ ದೇಶದ ಟಿ.ವಿ. ಲೆಕ್ಕದಲ್ಲಿ ಸೆಕೆಂಡಿಗೆ 25 ಚಿತ್ರ. ಅಡಿಗೆಮನೆಯ ಹಾದಿ ಹಿಡಿದು ಬೆಕ್ಕೊಂದು ಅಡ್ಡ ಬರುವ ತನಕ ನಾಲ್ಕು ನಿಮಿಷ ಅದೊಂದೇ ದೃಶ್ಯ. ಅಂದರೆ ಸರಿಯಾಗಿ 6,000 ಹೆಬ್ಬೆರಳು. ಕ್ಲಾಸು ನಗಲೂ ಆಗದೆ ಬಿಡಲೂ ಆಗದೆ ಕೂತಿತ್ತು. ನಾನು ಟೇಪು ನಿಲ್ಲಿಸಲು ಎದ್ದೆ. "ಸರ್, ತಡೀರಿ. ಕೇಳಿ" ಅಂದಳು ಹೆಡ್‌ಫೋನಿನ ಹುಡುಗಿ.

ಒಲೆಯ ಸದ್ದು, ಪಾತ್ರೆಯ ಸದ್ದು. ಕಾಪಿಗೆ ಕೈಗೂಡಿಸಲು ಹೋಗಿದ್ದ ಒಬ್ಬಳ ಜೊತೆ ಅಜ್ಜಿ ಮಾತಾಡುತ್ತಿದ್ದರು. "ರಾಮಾಯಣ ಹೆಂಗಿತ್ತು ಅಂದ್ರೆ ಎಂತ ಹೇಳೂದು ಹುಡುಗಿ, ನಾ ಎಲ್ಲಿ ನೋಡಿದ್ದೆ? ಜಗಲಿ ತುಂಬ ಜನ. ನಲವತ್ತು ಲೋಟ ಕಾಪಿ ಆಗ್ಬೇಕು. ರಾವಣ ಸೀತೆನ್ನ ಎತ್ಕೊಂಡು ಹೋಗುವಾಗ ನಾನಿಲ್ಲಿ ಹಾಲು ಉಕ್ಕದ ಹಾಗೆ ನೋಡ್ತಿದ್ದೆ. ಆ ರಾಮನ ಮುಖ ಹೆಂಗಿತ್ತು ಅಂತ ಇವತ್ತಿಗೂ ಗೊತ್ತಿಲ್ಲ. ಸ್ವರ ಮಾತ್ರ ಎಲ್ಲರದ್ದೂ ಗುರ್ತು. ಹಿಂದಿ ಯಾರಿಗೆ ಬರ್ತದೆ? ಯಾರು ಅಳ್ತಿದ್ದಾರೆ ಅಂತ ಗೊತ್ತಾದ್ರೆ ಕತೆ ಎಲ್ಲಿಗೆ ಬಂತು ಅಂತ ತಿಳೀತದೆ." ಸ್ವಲ್ಪ ಹೊತ್ತು ಸೌಟಿನ ಸದ್ದು. ಆಮೇಲೆ ಸಣ್ಣಗೆ ನಗು. "ಕರೆಂಟು ಹೋದ ದಿನ ನಾ ಜಗಲಿಗೆ ಬರ್ತಿದ್ದೆ. ಆವತ್ತು ಮುಂದಿನ ಕತೆ ನಾನೇ ಹೇಳ್ತಿದ್ದೆ. ಎಲ್ಲರೂ ಕೇಳ್ತಿದ್ರು."

ಮತ್ತೆ ಹೋಗಿ ಸರಿಯಾಗಿ ತೆಗೆದುಕೊಂಡು ಬರೋಣ ಎಂದು ನಾನು. ಬೇಡ, ಇದೇ ಚಿತ್ರ ಎಂದು ಕ್ಲಾಸು. ಹಾಗಾದರೆ ಹೆಬ್ಬೆರಳನ್ನಾದರೂ ತೆಗೆಯಿರಿ ಎಂದು ಅಂಗಲಾಚಿದೆ. ಮತಕ್ಕೆ ಹಾಕಿದರು, 23 ಮತ ಅದರ ಪರವಾಗಿ, ವಿರೋಧವಾಗಿ ನನ್ನದೊಂದು. ಖಾಲಿ ಕುರ್ಚಿ, ಕೆಂಪು ನೆಲ, ಬೆಕ್ಕು, ಬೆರಳು, ಮೇಲೆ ಅಜ್ಜಿಯ ಸ್ವರ, ಏಳು ನಿಮಿಷ. ಪರೀಕ್ಷೆಗೆ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕರು ಕೆನ್ನೆಯ ಮೇಲೆ ಕೈಯಿಟ್ಟು ನೋಡಿ, "ಈ ಹೆಬ್ಬೆರಳು ಏನನ್ನು ಸಂಕೇತಿಸುತ್ತದೆ?" ಎಂದು ಕೇಳಿದರು. ನನ್ನ ಉಸಿರು ನಿಂತಿತು. ಹೆಡ್‌ಫೋನಿನ ಹುಡುಗಿ ಕಣ್ಣು ಮಿಟುಕಿಸದೆ, "ಜಗಲಿಯಲ್ಲಿ ಕಾಲು ಚಾಚಿ ಕೂತ ಗಂಡಸರನ್ನು ಸರ್" ಅಂದಳು. ಅವರು ತಲೆದೂಗಿ ಬರೆದುಕೊಂಡರು.

ಅಜ್ಜಿಗೆ ತೋರಿಸದಿದ್ದರೆ ಹೇಗೆ? ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಹೋದೆವು. ಜಗಲಿಯ ಬೆಂಚಿನ ಮೇಲಿಟ್ಟು, ಅಜ್ಜಿಗೆ ಎದುರಿಗೆ ಕುರ್ಚಿ ಹಾಕಿದೆವು. ಅವರು ನಮ್ಮನ್ನು ಎಣಿಸಿ ಒಳಗೆ ನಡೆದೇಬಿಟ್ಟರು. "ಏಳು ಲೋಟ ಅಲ್ದಾ? ನೀವು ಹಾಕಿ ಮೇಷ್ಟ್ರೇ, ನಂಗೆ ಇಲ್ಲಿಗೇ ಕೇಳ್ತದೆ."

ಹಾಕಿದೆವು. ಎರಡು ನಿಮಿಷ ಕಳೆದಿರಬೇಕು, ಒಳಗಿನಿಂದ ಕೂಗು ಬಂತು. "ಸ್ವಲ್ಪ ಜೋರು ಮಾಡಿ ಮಾರಾಯ್ರೇ. ಯಾರದು ಆ ಹೆಂಗಸು, ಚೆನ್ನಾಗಿ ಮಾತಾಡ್ತಾಳೆ?"

"ನೀವೇ ಅಜ್ಜಿ!" ಎಂದು ಏಳೂ ಜನ ಒಟ್ಟಿಗೆ ಕೂಗಿದೆವು.

ಪಾತ್ರೆಯ ಸದ್ದು ನಿಂತಿತು. ಅಜ್ಜಿ ಹಾಲನ್ನು ಒಲೆಯ ಮೇಲೇ ಬಿಟ್ಟು, ಸೌಟು ಹಿಡಿದುಕೊಂಡೇ ಜಗಲಿಗೆ ಬಂದು, ಪರದೆಯ ಹತ್ತಿರ ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ಸರಿಯಾಗಿ ಆ ಹೊತ್ತಿಗೆ ಬಂದಿತ್ತು ನೋಡಿ, ನನ್ನ ಹೆಬ್ಬೆರಳು.